ಸಾವಿನ ಮನೆಗೂ ದರಪಟ್ಟಿ ಬರಲಿ



ಮನೆ ಕಟ್ಟಿಸುವಾಗ ನಾಲ್ಕು ಮೇಸ್ತ್ರಿಗಳನ್ನು ವಿಚಾರಿಸುತ್ತೇವೆ. ಮದುವೆಗೆ ಛತ್ರ ಗೊತ್ತುಮಾಡುವ ಮೊದಲು ಮೂರು ಕಡೆ ಬಾಡಿಗೆ ಕೇಳುತ್ತೇವೆ. ಅಡಿಕೆಗೆ ಔಷಧಿ ಹೊಡೆಸುವಾಗ ಡ್ರಮ್ಮಿಗೆ ಎಷ್ಟು ಎಂದು ಮೊದಲೇ ಮಾತಾಡಿಕೊಳ್ಳುತ್ತೇವೆ. ಇದನ್ನು ಯಾರೂ ಜಿಪುಣತನ ಎನ್ನುವುದಿಲ್ಲ, ಸಂಸಾರಸ್ಥನ ಜವಾಬ್ದಾರಿ ಎನ್ನುತ್ತಾರೆ. ಆದರೆ ಮನೆಯಲ್ಲಿ ಒಬ್ಬರು ಲಿಂಗೈಕ್ಯರಾದ ದಿನ ‘ಇದಕ್ಕೆಲ್ಲ ಎಷ್ಟಾಗುತ್ತದೆ?’ ಎಂದು ಕೇಳಿ ನೋಡಿ. ಸುತ್ತ ನಿಂತವರ ಮುಖ ಬದಲಾಗುತ್ತದೆ. ‘ಹೆತ್ತ ತಾಯಿಯ ವಿಷಯದಲ್ಲೂ ಲೆಕ್ಕವೇ?’ ಎನ್ನುವ ಮಾತು ಬರುತ್ತದೆ. ಕೇಳಿದವನು ತಲೆ ತಗ್ಗಿಸುತ್ತಾನೆ. ಆಮೇಲೆ ಹೇಳಿದಷ್ಟು ಕೊಡುತ್ತಾನೆ.

ಹೀಗೆ ತಲೆ ತಗ್ಗಿಸುವವರನ್ನು ನಂಬಿಕೊಂಡೇ ಒಂದು ವ್ಯಾಪಾರ ಬೆಳೆದಿದೆ. ಅದನ್ನು ವ್ಯಾಪಾರ ಎಂದು ಕರೆಯಲು ನಮಗೆ ಸಂಕೋಚ. ಕರೆಯದೆ ಇರುವುದರಿಂದ ಲಾಭ ಯಾರಿಗೆ ಎಂದು ನಾವು ಯೋಚಿಸಿಲ್ಲ. ಸರ್ಕಾರದ ಲೋಕೋಪಯೋಗಿ ಕೆಲಸದಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಇದ್ದವನು ನಾನು. ಒಂದು ಮೋರಿ ಕಟ್ಟಬೇಕಾದರೂ ಮೊದಲು ಅಂದಾಜುಪಟ್ಟಿ, ಅದಕ್ಕೆ ಇಲಾಖೆಯ ದರಪಟ್ಟಿ, ಕೆಲಸವಾದ ಮೇಲೆ ಅಳತೆ ಪುಸ್ತಕ, ಕೊನೆಗೆ ಬಿಲ್ಲು. ಈ ನಾಲ್ಕು ಕಾಗದ ಇದ್ದಾಗಲೂ ಮೋಸ ನಡೆಯುತ್ತದೆ ಎಂಬುದನ್ನು ಬಲ್ಲೆ. ಒಂದು ಕಾಗದವೂ ಇಲ್ಲದ ಕಡೆ ಏನು ನಡೆಯಬಹುದು ಎಂದು ಹೇಳಲು ಎಂಜಿನಿಯರೇ ಆಗಬೇಕಿಲ್ಲ. ನಮ್ಮ ಸಮಾಜದಲ್ಲಿ ಅಂದಾಜು, ದರ, ಅಳತೆ, ರಸೀದಿ ಯಾವುದೂ ಇಲ್ಲದೆ ಸಾವಿರಾರು ರೂಪಾಯಿ ಕೈ ಬದಲಾಗುವ ಕೆಲಸವೆಂದರೆ ಅಂತ್ಯಕ್ರಿಯೆ.

ಮುಯ್ಯಾಳು ಹೋಯಿತು, ಬಿಲ್ಲು ಬಂತು

ನಮ್ಮ ಬೇಗಾರ್, ಶೃಂಗೇರಿ, ಕೊಪ್ಪ, ನರಸಿಂಹರಾಜಪುರದ ಕಡೆ ಹಿಂದೆ ಸಾವು ಖರ್ಚಿನ ಬಾಬ್ತು ಆಗಿರಲಿಲ್ಲ. ಸುದ್ದಿ ತಿಳಿದರೆ ಅಕ್ಕಪಕ್ಕದ ಮನೆಯವರು ಹಾರೆ, ಗುದ್ದಲಿ ಹಿಡಿದು ಬರುತ್ತಿದ್ದರು. ಬಿದಿರು ಹಿಂಡಿಲಿನಿಂದ ಬರುತ್ತಿತ್ತು, ಹೂವು ಹಿತ್ತಿಲಿನಿಂದ, ಪತ್ರೆ ಮರದಿಂದ. ಸಮಾಧಿ ತಮ್ಮದೇ ತೋಟದ ಮೇಲ್ದಂಡೆಯಲ್ಲಿ. ಗದ್ದೆ ನಾಟಿಗೆ ಹೇಗೋ ಹಾಗೆಯೇ ಸಾವಿಗೂ ಮುಯ್ಯಾಳು. ಇಂದು ನೀವು ನನ್ನ ಮನೆಗೆ, ನಾಳೆ ನಾನು ನಿಮ್ಮ ಮನೆಗೆ.

ಈಗ ಆ ವ್ಯವಸ್ಥೆ ಇಲ್ಲ. ಮಕ್ಕಳು ಬೆಂಗಳೂರಿನಲ್ಲಿ. ಊರಲ್ಲಿ ಉಳಿದವರು ಅರವತ್ತು ದಾಟಿದವರು. ದೊಡ್ಡ ಕಾಯಿಲೆಗೆ ಒಂದೋ ಘಟ್ಟ ಇಳಿದು ಮಣಿಪಾಲ, ಇಲ್ಲವೇ ಶಿವಮೊಗ್ಗ. ಹಾಗಾಗಿ ಕೊನೆಯುಸಿರು ಎಷ್ಟೋ ಸಲ ಮನೆಯಿಂದ ನೂರು ಕಿಲೋಮೀಟರ್ ಆಚೆ. ಅಲ್ಲಿಂದ ಪಾರ್ಥಿವ ಶರೀರ ತರಲು ಆಂಬುಲೆನ್ಸ್ ಬೇಕು. ಮಕ್ಕಳು ಬರುವವರೆಗೆ ಇಡಲು ಫ್ರೀಜರ್ ಬಾಕ್ಸ್ ಬೇಕು. ವಿಮಾನ ಕಟ್ಟುವವರು ಬೇಕು, ಭಜನೆಯವರು ಬೇಕು, ಗುಂಡಿ ತೆಗೆಯುವವರು ಬೇಕು. ಬಯಲುಸೀಮೆಯಲ್ಲಿ ಒಂದೊಂದು ಊರಿನಲ್ಲಿ ನಮ್ಮವರ ನೂರು ಮನೆ ಇರುತ್ತದೆ, ಕ್ರಿಯೆ ಬಲ್ಲವರು ನಾಲ್ಕು ಜನ ಇರುತ್ತಾರೆ. ಮಲೆನಾಡಿನಲ್ಲಿ ಗುಡ್ಡಕ್ಕೊಂದು ಮನೆ. ಕ್ರಿಯೆ ಬಲ್ಲವರನ್ನು ಬೇರೆ ಊರಿನಿಂದ ಕರೆಸಬೇಕು. ಫ್ರೀಜರ್ ಇಟ್ಟವರು ಒಬ್ಬರೋ ಇಬ್ಬರೋ. ಮಾರುವವನು ಒಬ್ಬನೇ, ಕೊಳ್ಳುವವನಿಗೆ ಕಾಯಲು ಸಮಯವಿಲ್ಲ, ಕೇಳಲು ನಾಲಿಗೆ ಬರುವುದಿಲ್ಲ. ಇದಕ್ಕಿಂತ ದುರ್ಬಲ ಗ್ರಾಹಕ ಬೇರೆಲ್ಲೂ ಸಿಗುವುದಿಲ್ಲ.

ಒಂದು ಲೆಕ್ಕ ಕೊಡುತ್ತೇನೆ. ನಮ್ಮ ಬಂಧುಗಳ ಮನೆಯೊಂದರಲ್ಲಿ ಹಿರಿಯರು ಘಟ್ಟದ ಕೆಳಗಿನ ಆಸ್ಪತ್ರೆಯೊಂದರಲ್ಲಿ ಮಳೆಗಾಲದಲ್ಲಿ ತೀರಿಕೊಂಡರು. ಮೂರನೆಯ ದಿನ ಅವರ ಮಗ ಖರ್ಚು ಬರೆದಿಟ್ಟ ಚೀಟಿಯನ್ನು ನನ್ನ ಮುಂದಿಟ್ಟ. ಫೋನಿನಲ್ಲಿ ಆಂಬುಲೆನ್ಸಿನವರು ಹೇಳಿದ್ದು 9,000. ಮನೆ ಬಾಗಿಲಿಗೆ ಬಂದ ಮೇಲೆ ರಾತ್ರಿ ಚಾರ್ಜು, ಘಾಟಿ ಚಾರ್ಜು, ಸಹಾಯಕನ ಭತ್ಯೆ ಸೇರಿ 13,500 ಆಯಿತು. ಹಣ ಕೊಡುವ ತನಕ ಹಿಂಬಾಗಿಲು ತೆರೆಯಲಿಲ್ಲ. ಫ್ರೀಜರ್ ಬಾಕ್ಸಿಗೆ ದಿನಕ್ಕೆ 2,500 ಎಂದಿದ್ದರು. ಸಂಜೆ ತಂದು ಮರುದಿನ ಮಧ್ಯಾಹ್ನ ಒಯ್ದರು. ‘ಎರಡು ತಾರೀಕು ಬಂತಲ್ಲ’ ಎಂದು 5,000 ಪಡೆದರು. ವಿಮಾನಕ್ಕೆ, ಹೂವಿಗೆ 6,000 ಎಂದಿದ್ದು 8,500 ಆಯಿತು. ಮೊದಲು ಮಾತೇ ಬಾರದ ‘ಕ್ರಿಯಾ ಸಾಮಗ್ರಿ ಸೆಟ್’ ಒಂದು ಬಂತು, ಅದಕ್ಕೆ 4,500. ಅದರಲ್ಲಿದ್ದ ಅರ್ಧ ವಸ್ತುಗಳನ್ನು ಕಟ್ಟು ಬಿಚ್ಚದೆ ಹಾಗೆಯೇ ಗುಂಡಿಯ ಪಕ್ಕ ಬಿಟ್ಟು ಬಂದಿದ್ದರು. ಗುಂಡಿ ತೆಗೆದ ಮೂವರು ಕೇಳಿದ್ದು ಒಟ್ಟು 3,500. ಅವರಿಗೆ ಕೊಟ್ಟದ್ದು 3,000.

ಕೂಡಿಸಿ ನೋಡಿ. ಸೆಟ್ಟಿನ ಮಾತೇ ಇಲ್ಲದೆ ಮೊದಲು ಹೇಳಿದ ಮೊತ್ತ 21,000. ಕೊಟ್ಟದ್ದು 34,500. ಒಂದು ರಸೀದಿಯೂ ಇಲ್ಲ. ಎಲ್ಲರ ಬಾಬ್ತೂ ಏರಿತು. ಇಳಿದದ್ದು ಗುಂಡಿ ತೆಗೆದವರದು ಮಾತ್ರ. ಚೌಕಾಸಿ ಮಾಡಬಾರದು ಎಂಬ ಸಾವಿನ ಮನೆಯ ಮರ್ಯಾದೆ ಮೈಮುರಿದು ದುಡಿದ ಮೂವರ ಹತ್ತಿರ ಬಂದಾಗ ಎಲ್ಲಿ ಹೋಯಿತು?

ಆ ಗುಂಡಿಯ ಲೆಕ್ಕವನ್ನೂ ಹೇಳಿಬಿಡುತ್ತೇನೆ. ನಮ್ಮಲ್ಲಿ ಶರೀರವನ್ನು ಕೂರಿಸಿ ಸಮಾಧಿ ಮಾಡುವುದರಿಂದ ಆಳ ಹೆಚ್ಚು ಬೇಕು. ಐದಡಿ ಉದ್ದ, ನಾಲ್ಕಡಿ ಅಗಲ, ಆರಡಿ ಆಳ ಎಂದು ಹಿಡಿದರೂ 120 ಘನ ಅಡಿ, ಅಂದರೆ ಸುಮಾರು 3.4 ಘನ ಮೀಟರ್ ಮಣ್ಣು. ನಮ್ಮ ಕಡೆ ಮೇಲಿನ ಮಣ್ಣು ಕಳೆದರೆ ಜಂಬಿಟ್ಟಿಗೆ. ಮಳೆಗಾಲದಲ್ಲಿ ಒಂದು ಕಡೆ ತೋಡಿದ ಹಾಗೆ ಇನ್ನೊಂದು ಕಡೆ ನೀರು ಒಸರುತ್ತದೆ, ಅಂಚು ಕುಸಿಯುತ್ತದೆ. ಮೂವರಿಗೆ ಅದು ಪೂರಾ ದಿನದ ದುಡಿಮೆ, ಅಪಾಯದ ದುಡಿಮೆ. ಇಡೀ ಚೀಟಿಯಲ್ಲಿ ಅಳತೆ ಮಾಡಿ ತೋರಿಸಬಹುದಾದ, ಕಾಯಕ ಎಂದು ಎದೆ ತಟ್ಟಿ ಹೇಳಬಹುದಾದ ಬಾಬ್ತು ಅದೊಂದೇ.

ಕಾನೂನು ನಮ್ಮ ಕಡೆ ಇದೆ

‘ಇದಕ್ಕೆಲ್ಲ ಕಾನೂನು ಎಲ್ಲಿದೆ?’ ಎಂದು ಕೇಳುವವರಿಗೆ ಹೇಳುತ್ತೇನೆ. ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈನಲ್ಲಿ ಜಾರಿಗೆ ಬಂತು. ಹಣ ಕೊಟ್ಟು ಸೇವೆ ಪಡೆದವನು ಗ್ರಾಹಕ ಎಂದು ಅದು ಹೇಳುತ್ತದೆ. ಆ ಸೇವೆ ಮದುವೆಯದೋ ಮರಣದ್ದೋ ಎಂದು ಕೇಳುವುದಿಲ್ಲ. ಹಣ ಪಡೆಯದೆ ಮಾಡಿದ ಸೇವೆ ಮಾತ್ರ ಅದರ ವ್ಯಾಪ್ತಿಗೆ ಬರುವುದಿಲ್ಲ. ಊರವರು ಬಂದು ಹೆಗಲು ಕೊಟ್ಟರೆ ಅದು ದಾಸೋಹ. ಅಲ್ಲಿ ಕಾಯ್ದೆಗೆ ಕೆಲಸವಿಲ್ಲ. ಇಷ್ಟು ಕೊಟ್ಟರೆ ಇಷ್ಟು ಮಾಡುತ್ತೇನೆ ಎಂದವನ ಮಾತು ಬೇರೆ. ಅವನು ಕಾಯ್ದೆಯ ಒಳಗಿದ್ದಾನೆ.

ಅದೇ ಕಾಯ್ದೆಯ ಪ್ರಕಾರ ಸೇವೆಯ ಗುಣಮಟ್ಟ ಮತ್ತು ಬೆಲೆಯನ್ನು ತಿಳಿದುಕೊಳ್ಳುವುದು ಗ್ರಾಹಕನ ಹಕ್ಕು. ಸೇವೆಗೆ ಬಿಲ್ಲು ಅಥವಾ ರಸೀದಿ ಕೊಡದಿರುವುದು ಅನುಚಿತ ವ್ಯಾಪಾರ ಪದ್ಧತಿ. ದೂರು ಕೊಡಲು ಎರಡು ವರ್ಷ ಕಾಲಾವಕಾಶವಿದೆ. ಕೊಟ್ಟ ಹಣ 5 ಲಕ್ಷ ರೂಪಾಯಿವರೆಗೆ ಇದ್ದರೆ ಜಿಲ್ಲಾ ಆಯೋಗದಲ್ಲಿ ದೂರಿಗೆ ಶುಲ್ಕವಿಲ್ಲ. ವಕೀಲರನ್ನು ಇಡಲೇಬೇಕೆಂದಿಲ್ಲ. ದೂರುದಾರ ತಾನು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಇದು ನಮಗೆ ಮುಖ್ಯ. ಆಂಬುಲೆನ್ಸು ಉಡುಪಿ ಜಿಲ್ಲೆಯದಾಗಿದ್ದರೂ ಬೇಗಾರಿನವರು ಚಿಕ್ಕಮಗಳೂರಿನ ಜಿಲ್ಲಾ ಗ್ರಾಹಕ ಆಯೋಗದಲ್ಲಿ ಕೇಳಬಹುದು. ಅದಕ್ಕೂ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಒಂದು ಕರೆ ಮಾಡಿದರೆ ಎಷ್ಟೋ ತಕರಾರು ಅಲ್ಲೇ ಬಗೆಹರಿಯುತ್ತದೆ.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಅಂತ್ಯಕ್ರಿಯೆ, ಸಮಾಧಿ, ದಹನ, ಶವಾಗಾರ ಮತ್ತು ಶವ ಸಾಗಣೆಯ ಸೇವೆಗಳು 2017ರ ಜಿಎಸ್‌ಟಿ ಕಾಯ್ದೆಯ ಮೂರನೇ ಅನುಸೂಚಿಯಲ್ಲಿವೆ. ಅಂದರೆ ಅವುಗಳ ಮೇಲೆ ಜಿಎಸ್‌ಟಿ ಇಲ್ಲ. ಅಂಗಡಿಯಲ್ಲಿ ಬೇರೆಯಾಗಿ ಕೊಂಡ ಸಾಮಾನಿನ ತೆರಿಗೆಯ ಮಾತು ಬೇರೆ. ಆದರೆ ಪಾರ್ಥಿವ ಶರೀರ ತಂದ ಬಾಡಿಗೆಗೆ ‘ಜಿಎಸ್‌ಟಿ ಸೇರಿ’ ಎಂದು ಯಾರಾದರೂ ಹೇಳಿದರೆ, ಯಾವ ಕಾನೂನಿನಲ್ಲಿ ಎಂದು ಕೇಳಿ.

ಆಸ್ಪತ್ರೆಯ ಬಾಕಿ ಕಟ್ಟುವ ತನಕ ಶರೀರ ಕೊಡುವುದಿಲ್ಲ ಎಂಬ ಬೆದರಿಕೆಯೂ ಉಂಟು. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿ ಇದಕ್ಕೆ ಅವಕಾಶ ಕೊಡುವುದಿಲ್ಲ. ಬಾಕಿಯನ್ನು ಆಸ್ಪತ್ರೆ ಆಮೇಲೆ ವಸೂಲಿ ಮಾಡಿಕೊಳ್ಳಬೇಕೇ ಹೊರತು ಶರೀರವನ್ನು ಒತ್ತೆ ಇಟ್ಟುಕೊಳ್ಳುವಂತಿಲ್ಲ. ಬದುಕಿದ್ದವನಿಗೆ ಇರುವ ಘನತೆಯ ಹಕ್ಕು ಸತ್ತ ಮೇಲೆ ಶರೀರಕ್ಕೂ ಇದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಪರಮಾನಂದ ಕಟಾರಾ ಪ್ರಕರಣದಲ್ಲಿ ಹೇಳಿತ್ತು. 2021ರಲ್ಲಿ ಕೋವಿಡ್ ಎರಡನೆಯ ಅಲೆಯಲ್ಲಿ ಬೆಂಗಳೂರಿನ ಚಿತಾಗಾರಗಳ ಮುಂದೆ ಆಂಬುಲೆನ್ಸುಗಳು ಸಾಲುಗಟ್ಟಿ ನಿಂತದ್ದನ್ನೂ ಕೆಲವರು ಬಾಯಿಗೆ ಬಂದ ಬಾಡಿಗೆ ಕೇಳಿದ್ದನ್ನೂ ನಾವೆಲ್ಲ ನೋಡಿದೆವು. ಆ ವರ್ಷ ಮೇ ತಿಂಗಳಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಮೃತರ ಘನತೆಯ ಬಗ್ಗೆ ಸಲಹಾ ಸೂಚನೆ ಹೊರಡಿಸಿತು. ಬಾಕಿಗಾಗಿ ಶರೀರ ಹಿಡಿದಿಡಬಾರದು, ಆಂಬುಲೆನ್ಸ್ ಬಾಡಿಗೆ ಮನಬಂದಂತೆ ಏರದಂತೆ ನೋಡಿಕೊಳ್ಳಬೇಕು ಎಂಬುದು ಅದರಲ್ಲಿದೆ.

ಕಾನೂನು ಇದ್ದೂ ನಾವು ಬಳಸುವುದಿಲ್ಲ. ತಾಯಿಯ ಅಂತ್ಯಕ್ರಿಯೆಯ ಬಿಲ್ಲನ್ನು ಹಿಡಿದು ಆಯೋಗದ ಮುಂದೆ ನಿಲ್ಲಲು ಯಾವ ಮಗನಿಗೆ ಮನಸ್ಸು ಬರುತ್ತದೆ? ಬಾರದು ಎಂದು ಮಾರುವವನಿಗೂ ಗೊತ್ತು. ಆದ್ದರಿಂದ ಸಾವಾದ ಮೇಲೆ ಹೋರಾಡುವುದಕ್ಕಿಂತ ಸಾವಿಗೆ ಮೊದಲೇ ದರ ಗೊತ್ತಿರುವಂತೆ ಮಾಡುವುದು ದಾರಿ.

ಬೇರೆ ದೇಶಗಳು ಏನು ಮಾಡಿದವು

ಅಮೆರಿಕದಲ್ಲಿ ಇದೇ ರೋಗ ಇತ್ತು. 1963ರಲ್ಲಿ ಜೆಸ್ಸಿಕಾ ಮಿಟ್‌ಫೋರ್ಡ್ ಎಂಬ ಲೇಖಕಿ ‘ದಿ ಅಮೆರಿಕನ್ ವೇ ಆಫ್ ಡೆತ್’ ಪುಸ್ತಕದಲ್ಲಿ ಅಲ್ಲಿನ ಅಂತ್ಯಕ್ರಿಯೆ ಉದ್ಯಮ ದುಃಖಿತರನ್ನು ಹೇಗೆ ಸುಲಿಯುತ್ತದೆ ಎಂದು ಬಯಲಿಗೆಳೆದರು. ಇಪ್ಪತ್ತೊಂದು ವರ್ಷದ ನಂತರ, 1984ರಲ್ಲಿ, ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ತಂದ ‘ಫ್ಯೂನರಲ್ ರೂಲ್’ ಜಾರಿಗೆ ಬಂತು. ಅದರ ಪ್ರಕಾರ ಮಾತುಕತೆಗೆ ಕುಳಿತ ಕೂಡಲೇ ಬಾಬ್ತುವಾರು ದರಪಟ್ಟಿಯನ್ನು ಕೈಗೆ ಕೊಡಬೇಕು. ಫೋನಿನಲ್ಲಿ ಕೇಳಿದರೂ ದರ ಹೇಳಬೇಕು. ಪೆಟ್ಟಿಗೆಯನ್ನು ಬೇರೆ ಕಡೆ ಕೊಂಡು ತಂದರೆ ನಿರಾಕರಿಸುವಂತಿಲ್ಲ. ಕಾನೂನು ಕೇಳದ ವಿಧಿಯನ್ನು ‘ಇದು ಕಡ್ಡಾಯ’ ಎಂದು ಸುಳ್ಳು ಹೇಳಿ ಮಾರುವಂತಿಲ್ಲ.

ಬ್ರಿಟನ್ನಿನಲ್ಲಿ 2021ರಿಂದ ಅಂತ್ಯಕ್ರಿಯೆ ನಡೆಸಿಕೊಡುವ ಪ್ರತಿ ಸಂಸ್ಥೆಯೂ ಒಂದೇ ನಮೂನೆಯ ದರಪಟ್ಟಿಯನ್ನು ತನ್ನ ಕಚೇರಿಯಲ್ಲಿ ಕಾಣುವಂತೆ ಹಾಕಬೇಕು. ಗಿರಾಕಿಗಳನ್ನು ಕಳಿಸಿಕೊಡಲೆಂದು ಆಸ್ಪತ್ರೆಗಳಿಗೆ ಹಣ ಕೊಡುವುದನ್ನೂ ಅಲ್ಲಿ ನಿಷೇಧಿಸಿದ್ದಾರೆ. ನಮ್ಮ ಆಸ್ಪತ್ರೆಗಳ ಗೇಟಿನಲ್ಲಿ, ವಾರ್ಡಿನಿಂದ ಸುದ್ದಿ ಹೊರಬರುವ ಮೊದಲೇ, ‘ಗಾಡಿ ಬೇಕಾ ಸಾರ್’ ಎಂದು ಬರುವವರಿಗೆ ಸುದ್ದಿ ಕೊಟ್ಟವರು ಯಾರು? ಈ ಪ್ರಶ್ನೆ ನಮ್ಮಲ್ಲೂ ಕೇಳಬೇಕಾದದ್ದು.

‘ಧರ್ಮದ ಕೆಲಸಕ್ಕೆ ಬೆಲೆ ಕಟ್ಟಬಹುದೇ?’

ಈ ಆಕ್ಷೇಪವನ್ನು ನಾನು ಬಹಳ ಸಲ ಕೇಳಿದ್ದೇನೆ. ಉತ್ತರ ಸುಲಭ. ಬೆಲೆ ಆಗಲೇ ಕಟ್ಟಿದ್ದಾರೆ. ನಮಗೆ ಹೇಳಿಲ್ಲ, ಅಷ್ಟೇ. ದರಪಟ್ಟಿ ಕೇಳುವುದೆಂದರೆ ಗುಟ್ಟಾಗಿ ಕಟ್ಟಿದ ಬೆಲೆಯನ್ನು ಬೆಳಕಿಗೆ ತರುವುದು.

ಇನ್ನು ಧರ್ಮದ ಮಾತು. ನಮ್ಮ ಧರ್ಮ ಸಾವಿನಲ್ಲಿ ಏನು ಕೇಳುತ್ತದೆ? ಶರೀರಕ್ಕೆ ಮಜ್ಜನ, ಮೈಗೆ ವಿಭೂತಿ, ಅಂಗೈಯಲ್ಲಿ ಬದುಕಿನುದ್ದಕ್ಕೂ ಇದ್ದ ಇಷ್ಟಲಿಂಗ, ನಾಲ್ಕು ಪತ್ರೆ, ಶರಣರ ವಚನ, ಕೊನೆಗೆ ಎಲ್ಲರ ಹಿಡಿ ಮಣ್ಣು. ಇದರಲ್ಲಿ ದುಬಾರಿಯಾದದ್ದು ಯಾವುದು? ಹನ್ನೆರಡನೆಯ ಶತಮಾನದ ಶರಣರು ಪಂಚಸೂತಕಗಳನ್ನು ಅಲ್ಲಗಳೆದರು. ಅವುಗಳಲ್ಲಿ ಪ್ರೇತಸೂತಕವೂ ಒಂದು. ಸೂತಕವೇ ಇಲ್ಲದ ಮೇಲೆ ಸೂತಕ ಕಳೆಯುವ ಖರ್ಚು ಎಲ್ಲಿಂದ ಬಂತು? ಪ್ರೇತವೇ ಇಲ್ಲದ ಮೇಲೆ ಅದಕ್ಕೆ ದಾರಿ ತೋರಿಸುವ ಸಾಮಗ್ರಿ ಯಾರಿಗೆ? ಬಸವಣ್ಣನವರು ದೇವರಿಗೂ ಭಕ್ತನಿಗೂ ನಡುವೆ ಇದ್ದ ದಲ್ಲಾಳಿಯನ್ನು ತೆಗೆದರು. ಅದೇ ದಲ್ಲಾಳಿ ಈಗ ಸಮಾಧಿಯ ಗುಂಡಿಯ ಪಕ್ಕ ಸೆಟ್ ಹಿಡಿದು ನಿಂತಿದ್ದಾನೆ.

‘ಇದು ಶಾಸ್ತ್ರ, ಬಿಡುವಂತಿಲ್ಲ’ ಎಂದು ಯಾರಾದರೂ ಸಾಮಾನಿನ ಪಟ್ಟಿ ಓದಿದರೆ ಒಂದೇ ಪ್ರಶ್ನೆ ಕೇಳಿ: ಯಾವ ಶರಣರು ಇದನ್ನು ಹೇಳಿದ್ದಾರೆ? ಬೇಕೆಂದವರು ತಾಮ್ರದ ತಗಡು ಇಡಲಿ, ಬ್ಯಾಂಡ್ ತರಿಸಲಿ, ಹೂವಿನ ರಥ ಕಟ್ಟಿಸಲಿ. ಅದು ಅವರ ಇಷ್ಟ, ಅವರ ಹಣ. ಆದರೆ ಇಷ್ಟದ ಬಾಬ್ತನ್ನು ಕಡ್ಡಾಯದ ಬಾಬ್ತು ಎಂದು ಹೇಳಿ ಮಾರುವುದು ಮೋಸ. ಅಮೆರಿಕದವರು ಹಾಗೆ ಮಾರುವುದನ್ನು 1984ರಲ್ಲೇ ತಡೆದರು. ಎಂಟುನೂರು ವರ್ಷಗಳ ಹಿಂದೆಯೇ ಅದನ್ನು ಬೇಡವೆಂದ ಪರಂಪರೆ ನಮ್ಮದು. ನಾವೇಕೆ ಸುಮ್ಮನಿದ್ದೇವೆ?

ಇನ್ನೊಂದು ಆಕ್ಷೇಪ: ‘ಪಾಪ, ಅವರೂ ಹೊಟ್ಟೆಪಾಡಿಗೆ ಮಾಡುವವರು.’ ಒಪ್ಪುತ್ತೇನೆ. ಮಧ್ಯರಾತ್ರಿ, ಸುರಿವ ಮಳೆಯಲ್ಲಿ ಆಗುಂಬೆ ಘಾಟಿ ಹತ್ತಿಸಿ ಶರೀರ ತಂದುಕೊಡುವ ಚಾಲಕನ ಕೆಲಸ ಕಷ್ಟದ್ದು. ಅದಕ್ಕೆ ತಕ್ಕ ಬಾಡಿಗೆ ಅವನು ಕೇಳಲಿ. ಆದರೆ ಘಾಟಿ ಇರುವುದು, ರಾತ್ರಿಯಾಗುವುದು, ಮಳೆ ಬರುವುದು ಅವನಿಗೆ ಹೊರಡುವ ಮೊದಲೇ ಗೊತ್ತು. ಆ 9,000ದಲ್ಲಿ ಅದನ್ನೆಲ್ಲ ಸೇರಿಸಿ 13,500 ಎಂದೇ ಮೊದಲು ಹೇಳಿದ್ದರೆ ಮೋಸ ಎನ್ನುವ ಮಾತೇ ಇರಲಿಲ್ಲ. ಆಗ ಆ ಮಗ ಇನ್ನೊಬ್ಬನನ್ನು ಕೇಳುತ್ತಿದ್ದ ಅಥವಾ ಒಪ್ಪಿಕೊಳ್ಳುತ್ತಿದ್ದ. ಬರೆದಿಟ್ಟ ದರ ಪ್ರಾಮಾಣಿಕ ಚಾಲಕನನ್ನೂ ಕಾಪಾಡುತ್ತದೆ, ಗುಂಡಿ ತೆಗೆಯುವವರ ಕೂಲಿಯನ್ನೂ ಕಾಪಾಡುತ್ತದೆ. ಫಲಕದ ಮೇಲೆ 3,500 ಎಂದು ಬರೆದಿದ್ದರೆ 500 ಮುರಿಯಲು ಯಾರಿಗೂ ಬಾಯಿ ಬರುತ್ತಿರಲಿಲ್ಲ.

ಸಮಾಧಿಯ ಜಾಗ

ತೋಟ ಇರುವವರಿಗೆ ಜಾಗದ ಚಿಂತೆ ಇಲ್ಲ. ಪಾಲಾಗಿ ಪಾಲಾಗಿ ತುಂಡಾದವರಿಗೆ, ತೋಟ ಮಾರಿದವರಿಗೆ, ನಿವೇಶನದಲ್ಲಿ ಮನೆ ಕಟ್ಟಿಕೊಂಡವರಿಗೆ, ಲೈನುಮನೆಗಳಲ್ಲಿ ಇರುವವರಿಗೆ ಇದೆ. ಸುಡುವವರಿಗೆ ಒಂದೇ ಕಟ್ಟೆ ನೂರು ಸಲ ಸಾಕು. ಹೂಳುವ ನಮಗೆ ಪ್ರತಿ ಸಲ ಹೊಸ ಜಾಗ ಬೇಕು. ಮಲೆನಾಡಿನಲ್ಲಿ ಕಂದಾಯ ಭೂಮಿ ಯಾವುದು, ಅರಣ್ಯ ಯಾವುದು, ಡೀಮ್ಡ್ ಅರಣ್ಯ ಯಾವುದು ಎಂಬ ತಕರಾರು ಮುಗಿಯುವುದೇ ಇಲ್ಲ. ಹಾಗಾಗಿ ಸ್ಮಶಾನಕ್ಕೆ ಎಂದು ಒಂದೆಕರೆ ಗುರುತಿಸುವುದೂ ಕಷ್ಟ.

ಸಂವಿಧಾನದ ಏಳನೇ ಅನುಸೂಚಿಯ ರಾಜ್ಯ ಪಟ್ಟಿಯಲ್ಲಿ ಸ್ಮಶಾನ ಹತ್ತನೆಯ ವಿಷಯ. ಅಂದರೆ ಅದು ರಾಜ್ಯ ಸರ್ಕಾರದ ಹೊಣೆ. ಸ್ಮಶಾನವಿಲ್ಲದ ಊರುಗಳಿಗೆ ಜಾಗ ಒದಗಿಸಬೇಕೆಂದು ಕರ್ನಾಟಕ ಹೈಕೋರ್ಟ್ 2019ರಲ್ಲಿ ಆದೇಶಿಸಿತು. ಪಾಲನೆಯಾಗಲಿಲ್ಲವೆಂದು ಮತ್ತೆ ನ್ಯಾಯಾಂಗ ನಿಂದನೆಯ ಅರ್ಜಿ ಹಾಕಬೇಕಾಯಿತು. ಸರ್ಕಾರಿ ಜಾಗ ಇಲ್ಲದ ಕಡೆ ಏನಾಗುತ್ತದೆ? ಯಾರೋ ಖಾಸಗಿಯವರು ಜಾಗ ಕೊಡುತ್ತಾರೆ, ಬೆಲೆ ಅವರ ಬಾಯಲ್ಲಿ. ಕಾಗದ ಇಲ್ಲ. ಹತ್ತು ವರ್ಷದ ಮೇಲೆ ಆ ಭೂಮಿ ಕೈ ಬದಲಾದರೆ, ಹೋಂಸ್ಟೇ ಎದ್ದರೆ, ಗದ್ದುಗೆ ಉಳಿಯುತ್ತದೆಯೇ? ಜಾಗಕ್ಕೆ ಹಣ ಕೊಡುವವರು ಈ ಮೂರನ್ನು ಬರಹದಲ್ಲಿ ಪಡೆಯಲಿ: ಭೂಮಿಯ ಸರ್ವೆ ನಂಬರು, ಅದು ಯಾರ ಹೆಸರಿನಲ್ಲಿದೆ ಎಂಬುದರ ಪಹಣಿ, ಸಮಾಧಿಗೆ ಎಷ್ಟು ಕಾಲದ ಭರವಸೆ. ಸರ್ಕಾರದ ಸ್ಮಶಾನದಲ್ಲಿ ‘ಒಳ್ಳೆಯ ಜಾಗ ಕೊಡಿಸುತ್ತೇನೆ’ ಎಂದು ಹಣ ಕೇಳುವವನಿಗೆ ಒಂದು ಪೈಸೆಯೂ ಕೊಡಬೇಡಿ. ಅದು ಅವನ ಜಾಗವಲ್ಲ.

ಮಠಗಳಿಗೆ ಒಂದು ಮಾತು

ಈ ಪತ್ರಿಕೆ ಮಠಗಳ ಮೂಲಕ ನಿಮ್ಮ ಕೈ ಸೇರುತ್ತದೆ. ಆದ್ದರಿಂದ ಮಠಗಳನ್ನು ಬಿಟ್ಟು ಬರೆದರೆ ಈ ಲೇಖನ ಅರ್ಧವಾದೀತು. ಹೊರಗಿನ ದಲ್ಲಾಳಿಯನ್ನು ಬೈಯುವುದು ಸುಲಭ. ನಮ್ಮ ಸಮಾಜದ ಸಂಘಗಳು, ರುದ್ರಭೂಮಿ ಸಮಿತಿಗಳು, ಮಠಗಳು ಪಡೆಯುವ ಹಣಕ್ಕೆ ರಸೀದಿ ಇದೆಯೇ? ‘ಕಾಣಿಕೆ’ ಎಂದು ಹೇಳಿ ಮೊತ್ತವನ್ನು ತಾವೇ ನಿಗದಿ ಮಾಡಿದರೆ ಅದು ಕಾಣಿಕೆಯೇ, ಶುಲ್ಕವೇ? ಹಿರಿಯರ ಪುಣ್ಯಸ್ಮರಣೆಗೆ ಎಂದು ಶಾಶ್ವತ ಸೇವಾ ನಿಧಿ ಕಟ್ಟಿಸಿಕೊಳ್ಳುತ್ತಾರೆ. ಆ ಹಣ ಯಾವ ಖಾತೆಯಲ್ಲಿದೆ, ಬಡ್ಡಿ ಎಷ್ಟು, ಸೇವೆ ನಡೆಯಿತೇ ಎಂದು ಕೊಟ್ಟವರಿಗೆ ವರ್ಷಕ್ಕೊಮ್ಮೆ ಒಂದು ಕಾರ್ಡು ಬರೆಯಬಾರದೇ? ಹಲವು ಕಡೆ ಸಮಾಜದವರೇ ಮರಣ ನಿಧಿ ಮಾಡಿಕೊಂಡಿದ್ದಾರೆ. ಒಳ್ಳೆಯ ಕೆಲಸ. ಅದರ ಲೆಕ್ಕವನ್ನು ಸಭೆಯಲ್ಲಿ ಓದುವ ಅಭ್ಯಾಸವೂ ಅಷ್ಟೇ ಒಳ್ಳೆಯದು.

ಮಠಗಳು ಮನಸ್ಸು ಮಾಡಿದರೆ ಈ ಸುಲಿಗೆ ಒಂದು ವರ್ಷದಲ್ಲಿ ನಿಲ್ಲುತ್ತದೆ. ಸಾಮೂಹಿಕ ವಿವಾಹ ಮಾಡಿ ಮದುವೆಯ ಸಾಲವನ್ನು ತಗ್ಗಿಸಿದ ಮಠಗಳು ನಮ್ಮಲ್ಲಿವೆ. ಸಾವಿನ ಸಾಲವನ್ನು ತಗ್ಗಿಸುವುದು ಅದಕ್ಕಿಂತ ಕಷ್ಟದ ಕೆಲಸವೇನಲ್ಲ. ಒಂದು ಫ್ರೀಜರ್ ಬಾಕ್ಸು, ಮತ್ತೆ ಮತ್ತೆ ಬಳಸಬಹುದಾದ ಕಬ್ಬಿಣದ ಒಂದು ವಿಮಾನ, ಕ್ರಿಯೆ ಬಲ್ಲ ನಾಲ್ಕು ತರುಣ ತರುಣಿಯರು. ಹೋಬಳಿಗೆ ಇಷ್ಟಿದ್ದರೆ ಸಾಕು.

ಏನು ಮಾಡಬೇಕು

ಇಷ್ಟು ಬರೆದು ಸುಮ್ಮನಾದರೆ ಪ್ರಯೋಜನವಿಲ್ಲ. ನನ್ನ ಒತ್ತಾಯ ಇಷ್ಟು:

1. ಪ್ರತಿ ಮಠ ಮತ್ತು ಸಮಾಜದ ಕಚೇರಿಯ ಗೋಡೆಯ ಮೇಲೆ ಅಂತ್ಯಕ್ರಿಯೆಯ ದರಫಲಕ ಹಾಕಲಿ. ಆಂಬುಲೆನ್ಸು ಕಿಲೋಮೀಟರಿಗೆ ಎಷ್ಟು, ಘಾಟಿ ಮತ್ತು ರಾತ್ರಿ ಸೇರಿದೆಯೇ. ಫ್ರೀಜರ್ 24 ಗಂಟೆಗೆ ಎಷ್ಟು. ವಿಮಾನ, ಗುಂಡಿ, ಜಾಗ ಎಷ್ಟೆಷ್ಟು. ಸುತ್ತಲಿನ ಸೇವಾದಾರರನ್ನು ವರ್ಷಕ್ಕೊಮ್ಮೆ ಕರೆದು ಕೂರಿಸಿ ದರ ಒಪ್ಪಿಸಿ, ತಾರೀಕು ಹಾಕಿ ಬರೆಯಲಿ.

2. ಫಲಕದಲ್ಲಿ ಎರಡು ಭಾಗ ಇರಲಿ. ಒಂದು, ಧರ್ಮಕ್ಕೆ ಬೇಕಾದದ್ದು. ಎರಡು, ಇಷ್ಟವಿದ್ದರೆ ಮಾತ್ರ. ಎರಡನೆಯದನ್ನು ಕೇಳದೆ ತರುವಂತಿಲ್ಲ.

3. ಗುಂಡಿ ತೆಗೆಯುವವರ ಕೂಲಿ ಪಟ್ಟಿಯಲ್ಲಿ ಮೊದಲು ಬರಲಿ, ಮೊದಲು ಪಾವತಿಯಾಗಲಿ, ಪೂರ್ತಿ ಪಾವತಿಯಾಗಲಿ. ಮಳೆಗಾಲಕ್ಕೆ ಹೆಚ್ಚು ದರ ಇರಲಿ.

4. ಸಾವಿನ ಮನೆಯಲ್ಲಿ ಹಣದ ಮಾತನ್ನು ಮಗ, ಮಗಳು, ಗಂಡ, ಹೆಂಡತಿ ಆಡಬಾರದು. ಸಮಾಜದಿಂದ ಇಬ್ಬರು, ಅವರಲ್ಲಿ ಒಬ್ಬರು ಮಹಿಳೆ, ಮೊದಲೇ ನೇಮಕವಾಗಿರಲಿ. ದರ ಕೇಳುವುದು, ಒಪ್ಪುವುದು, ರಸೀದಿ ಪಡೆಯುವುದು ಅವರ ಕೆಲಸ. ಫೋನಿನಲ್ಲಿ ಒಪ್ಪಿದ ಮೊತ್ತವನ್ನು ಅಲ್ಲೇ ಒಂದು ವಾಟ್ಸಾಪ್ ಸಂದೇಶವಾಗಿ ಕಳಿಸಿಬಿಟ್ಟರೆ ಅದೇ ದಾಖಲೆ.

5. ಮೊಬೈಲಿನಲ್ಲೇ ಹಣ ಕಳಿಸಿ. ಯುಪಿಐ ಪಾವತಿಯ ದಾಖಲೆ ಅಳಿಸಿಹೋಗುವುದಿಲ್ಲ. ನಗದೇ ಬೇಕೆಂದು ಹಟ ಹಿಡಿದರೆ ಸಹಿ ಪಡೆಯಿರಿ.

6. ಮರಣವನ್ನು 21 ದಿನದೊಳಗೆ ನೋಂದಾಯಿಸಿ. ಆ ಅವಧಿಯಲ್ಲಿ ನೋಂದಣಿಗೆ ಶುಲ್ಕವಿಲ್ಲ. ‘ಸರ್ಟಿಫಿಕೇಟ್ ಮಾಡಿಸಿಕೊಡುತ್ತೇನೆ’ ಎಂದು ಹಣ ಕೇಳುವವನೂ ಈ ವ್ಯಾಪಾರದ ಇನ್ನೊಂದು ಕೈ.

7. ಅರವತ್ತು ದಾಟಿದ ನಾವೆಲ್ಲ ನಮ್ಮ ಅಂತ್ಯಕ್ರಿಯೆ ಹೇಗಿರಬೇಕೆಂದು ಒಂದು ಹಾಳೆಯಲ್ಲಿ ಬರೆದು ಮನೆಯವರಿಗೆ ಕೊಡೋಣ. ಎಲ್ಲಿ, ಯಾರಿಂದ, ಯಾವ ಮಿತಿಯಲ್ಲಿ, ಏನು ಬೇಡ. ನಾನು ಬರೆದಿಟ್ಟಿದ್ದೇನೆ. ‘ಅಪ್ಪ ಹೀಗೇ ಬರೆದಿದ್ದಾರೆ’ ಎಂಬ ಒಂದು ಮಾತು ಸಾಕು, ಮಕ್ಕಳ ಬಾಯಿ ಮುಚ್ಚಿಸಲು ಬಂದವರ ಬಾಯಿ ಮುಚ್ಚುತ್ತದೆ.

ಇದರಲ್ಲಿ ಯಾವುದಕ್ಕೂ ಸರ್ಕಾರದ ಆದೇಶ ಬೇಕಿಲ್ಲ, ದೊಡ್ಡ ಮೊತ್ತ ಬೇಕಿಲ್ಲ. ಬೇಕಾದದ್ದು ಒಂದು ಸಭೆ, ಒಂದು ಠರಾವು, ಒಂದು ಫಲಕ. ನಮ್ಮ ನಮ್ಮ ಊರಿನಲ್ಲಿ ಮುಂದಿನ ಸಲ ಶಿವಾನುಭವ ಗೋಷ್ಠಿಗೆ ಸೇರಿದಾಗ ಅರ್ಧ ಗಂಟೆಯನ್ನು ಇದಕ್ಕೆ ಇಡೋಣ. ಶೃಂಗೇರಿ, ಕೊಪ್ಪ, ನರಸಿಂಹರಾಜಪುರ ತಾಲ್ಲೂಕುಗಳ ನಮ್ಮವರು ಒಟ್ಟಿಗೆ ಕೂತರೆ ಇನ್ನೂ ಒಳ್ಳೆಯದು. ಆಂಬುಲೆನ್ಸು ಒಂದೇ, ಘಾಟಿ ಒಂದೇ, ದರವೂ ಒಂದೇ ಆಗಲಿ. ಮಳೆಗಾಲ ಶುರುವಾಗುವ ಮೊದಲು ಮೊದಲ ಫಲಕ ಗೋಡೆಗೆ ಬರಲಿ.